ಮೂರು ಚುಕ್ಕಿಯ ಅಂಗಿ

ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಲಾಂಡ್ರಿಯವನು ಕಪ್ಪು ಶಾಯಿಯಲ್ಲಿ ಕಡ್ಡಿ ಅದ್ದಿ, ಒಗೆಯಲು ಬಂದ ಅಂಗಿಗಳ ಕಾಲರಿನ ಒಳಗೆ ಆಯಾ ಮನೆಯ ಗುರುತು ಹಾಕುತ್ತಾನೆ. ಗಿರಾಕಿಗಳ ಹೆಸರು ಅವನಿಗೆ ನೆನಪಿರುವುದಿಲ್ಲ. ಡಾಕ್ಟರು ಎಂದರೆ ತ್ರಿಕೋನ, ವಕೀಲರು ಎಂದರೆ ಎರಡು ಗೆರೆ. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ಮುಖ ಬಿಟ್ಟು ಕಾಲರ್ ನೋಡುತ್ತಾನೆ. “ತ್ರಿಕೋನದ ಮಗಳಿಗೂ ಎರಡು ಗೆರೆಯ ಮಗನಿಗೂ ಮದುವೆಯಂತೆ, ಇನ್ನು ಏನು ಗುರುತು ಹಾಕ್ಲಿ?” ಎಂದು ತಲೆ ಕೆರೆದುಕೊಂಡರೆ, ಇಸ್ತ್ರಿ ಮಾಡುತ್ತಿರುವ ಹೆಂಡತಿ, “ಮೊದಲು ನನ್ನ ಗುರುತು ಏನು ಅಂತ ಹೇಳು” ಎಂದು ಛೇಡಿಸುತ್ತಾಳೆ. ಹೊಸ ಗಿರಾಕಿಗೆ ಮೂರು ಚುಕ್ಕಿ ಕೊಡೋಣ ಎಂದು ಅವಳು ಹೇಳಿದರೆ ಮಾತ್ರ ನಗುವುದಿಲ್ಲ. “ಅದು ಖಾಲಿ ಇಲ್ಲ ಕಣೇ” ಎನ್ನುತ್ತಾನೆ. ಮೂರು ಚುಕ್ಕಿಯ ಮೇಷ್ಟ್ರು ತೀರಿಕೊಂಡು ಎರಡು ವರ್ಷವಾಯಿತು. ಅವರ ಹೆಂಡತಿ ಪ್ರತಿ ಸೋಮವಾರ ಅದೇ ನೀಲಿ ಅಂಗಿ ತರುತ್ತಾರೆ. ಕಾಲರಿನಲ್ಲಿ ಬೆವರಿನ ಕಲೆ ಇರುವುದಿಲ್ಲ, ಹೋದ ವಾರದ ಇಸ್ತ್ರಿಯ ಮಡಿಕೆಯೂ ಬಿಚ್ಚಿರುವುದಿಲ್ಲ. “ತುಂಬಾ ಕೊಳೆಯಾಗಿದೆ ನೋಡಪ್ಪ.” “ಹೌದಮ್ಮ, ಚೆನ್ನಾಗಿ ಒಗೀಬೇಕು.” ಒಗೆದೊಗೆದು ಬಟ್ಟೆ ಸವೆದಿದೆ, ಇನ್ನೊಮ್ಮೆ ನೀರಿಗೆ ಹಾಕಿದರೆ ಹರಿಯುತ್ತದೆ. ಈ ವಾರ ಅವನು ಅದನ್ನು ಒಗೆಯುವುದಿಲ್ಲ. ಮಾಸಿದ ಮೂರು ಚುಕ್ಕಿಗಳನ್ನು ತಿದ್ದಿ, ಅದೇ ಮಡಿಕೆಯಲ್ಲಿ ಮಡಿಸಿ, ಗುರುವಾರ ಅವರ ಕೈಗೆ ಕೊಡುತ್ತಾನೆ.