ಅರ್ಜಿ ಹಾಕದ ಸ್ಕಾಲರ್‌ಶಿಪ್

ಪುಣೆಯ ಮಾರ್ಕೆಟ್ ಯಾರ್ಡಿನ ನನ್ನ ಅಂಗಡಿಗೆ ಒಂದಿನ ರಜಾ ಹಾಕಿ, ಮಗಳ ಅಡ್ಮಿಷನ್ನಿಗಂತ ಮಗರಪಟ್ಟಾ ಕಡೆ ಒಂದು ಕಾಲೇಜಿಗೆ ಹೋಗಿದ್ದೆ. ಪಾಳಿಯೊಳಗ ನಮ್ಮ ಮುಂದ ಒಬ್ಬರು ಹಿರಿಯರು, ಹುಬ್ಬಳ್ಳಿಯಿಂದ ಮೊಮ್ಮಗಳನ್ನ ಕರಕೊಂಡು ಬಂದಿದ್ದರು. ಅವರಿಗೆ ಮರಾಠಿ ಬರತಿರಲಿಲ್ಲ. ಹಂಗಾಗಿ ಕೌಂಟರಿನ ಮೇಡಂಗೂ ಅವರಿಗೂ ನಡುವ ನಾನ ಮಾತು ದಾಟಿಸಲಿಕ್ಕೆ ನಿಂತೆ.

ಮೇಡಂ ಹುಡುಗಿಯ ಅಂಕ, ಊರು ಟೈಪ್ ಮಾಡಿದರು. ಪರದೆ ಮ್ಯಾಲಿನ ಫೀ ತಾನ ಅರ್ಧಕ್ಕ ಇಳೀತು. ಹೊರರಾಜ್ಯದಿಂದ ಒಳ್ಳೆ ಅಂಕ ತಗೊಂಡು ಬಂದವರಿಗೆಲ್ಲಾ ಸ್ಕಾಲರ್‌ಶಿಪ್ಪಂತ.

"ನಾವು ಅರ್ಜೀನ ಹಾಕಿಲ್ಲಲ್ರಿ!" ಹಿರಿಯರು ಶಿಫಾರಸು ಪತ್ರದ ಫೈಲು ಎದಿಗೆ ಅವಚಿಕೊಂಡರು. "ಸಾಹೇಬರ ಸಹಿ ಬ್ಯಾಡೇನ್ರಿ?"

"ಸಾಹೇಬರ ಇಲ್ರಿ ಇದಕ್ಕ. ಕಂಪ್ಯೂಟರ್ ಕೊಡತದ." ಮೇಡಂ ಅಂದದ್ದನ್ನ ನಾನು ದಾಟಿಸಿದೆ.

ಅವರು ಕಂಪ್ಯೂಟರಿಗೆ ಕೈ ಮುಗಿದರು. ನನಗ ನಗು ಬರಲಿಲ್ಲ. ಯಾರ ಕಾಲೂ ಹಿಡೀದ ಒಂದು ಕೆಲಸ ಆಗೋದನ್ನ ನಾನೂ ಅವತ್ತ ಮೊದಲ ಸಲ ನೋಡಿದ್ದು.

ಆಮ್ಯಾಲೆ ನಮ್ಮ ಪಾಳಿ. ನನ್ನ ಮಗಳದು ಆ ಹುಡುಗಿಗಿಂತ ಎರಡು ಅಂಕ ಹೆಚ್ಚ. ಆದರ ಫೀ ಅಲುಗಾಡಲಿಲ್ಲ.

"ಮೇಡಂ, ನಾವೂ ಕರ್ನಾಟಕದವರ. ಧಾರವಾಡ ಕಡೆಯವರು," ಅಂತ ಮರಾಠಿಯೊಳಗ ಅಂದೆ. ಅವರು ಪರದೆಯನ್ನ ನನ್ನ ಕಡೆ ತಿರುಗಿಸಿದರು. ಮಗಳ ಹೆಸರಿನ ಮುಂದ 'ಸ್ಥಳೀಯ' ಅಂತ ಇತ್ತು.

ನಾನು ಇಲ್ಲಿಗೆ ಬಂದು ಮೂವತ್ತು ವರ್ಷ ಆತು, ನಮ್ಮ ಹೌಸಿಂಗ್ ಸೊಸೈಟಿಯವರು ಇನ್ನೂ ನನ್ನ 'ನೀವು ಮೂಲ ಎಲ್ಲಿಯವರು' ಅಂತ ಕೇಳತಾರ. ಆ ಯಂತ್ರ ಒಂದು ನಿಮಿಷದಾಗ ನಮ್ಮನ್ನ ಪುಣೆಯವರನ್ನಾಗಿ ಮಾಡಿಬಿಟ್ಟಿತು. ಅದೂ ಪೂರ್ತಿ ಫೀ ತಗೊಂಡು.