ರೊಟ್ಟಿಯವ್ವನ ಮನೆಯ ಅನ್ನ

ಆಕೆಯ ಬಲಗೈಯ ಹಸಿರು ಬಳೆಗಳು ಮಣಿಕಟ್ಟಿನಲ್ಲಿ ಇದ್ದುದನ್ನು ನಾನು ನೋಡಿದ್ದೇ ಕಡಿಮೆ. ಅವನ್ನು ಮೊಣಕೈ ಹತ್ತಿರಕ್ಕೆ ಸರಿಸಿ, ಜಾರದಂತೆ ಕೆಂಪು ರಬ್ಬರ್ ಬ್ಯಾಂಡೊಂದನ್ನು ಹಾಕಿಕೊಂಡು ಒಲೆಯ ಮುಂದೆ ಕೂರುತ್ತಿದ್ದಳು. ಅಂಗೈ ಹಿಟ್ಟಿನಲ್ಲಿ ತಿಕ್ಕಿ ತಿಕ್ಕಿ, ಗೆರೆಗಳೇ ಅಳಿಸಿಹೋದಂತೆ ನುಣ್ಣಗಾಗಿತ್ತು.

ಮುದ್ದೇಬಿಹಾಳದ ನಮ್ಮ ಓಣಿಯ ಸುಮಾರು ಮನೆಗಳಿಗೆ ಆಕೆಯೇ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಎಲ್ಲರಿಗೂ ಆಕೆ ರೊಟ್ಟಿಯವ್ವ. ತೊಂಬತ್ತರ ದಶಕದ ಕೊನೆಗೆ ನಾನು ಈ ಮನೆಗೆ ಸೊಸೆಯಾಗಿ ಬಂದಾಗ, ಕಾನ್ವೆಂಟಿನಲ್ಲಿ ಕಲಿತ ನನಗೆ ಕಸೂತಿ ಬರುತ್ತಿತ್ತು, ರೊಟ್ಟಿ ಬರುತ್ತಿರಲಿಲ್ಲ. ನನ್ನ ಕೈಯಲ್ಲಿ ಹರಿದ ರೊಟ್ಟಿ ನೋಡಿ, "ಅಕ್ಕಾರ, ನೀವು ಇಂಗ್ಲೀಷ್‌ನ್ಯಾಗ ಬಡದ್ರ ಅದಕ್ಕ ತಿಳೀಬೇಕಲ್ರಿ," ಎಂದು ನಗುತ್ತಿದ್ದಳು.

ಹೂವಿನ ಹಿಪ್ಪರಗಿಯ ನಮ್ಮ ಹೊಲದಿಂದ ಜೋಳ ಬಂದ ದಿನ, ಚೀಲದ ಬಾಯಿ ಬಿಚ್ಚಿ ಬೊಗಸೆ ತುಂಬಿಕೊಂಡು ಮೂಸುತ್ತಿದ್ದಳು. ಆಕೆಯ ತಾಯಿಗೆ ಸುಗ್ಗಿಯಲ್ಲಿ ಕೂಲಿಯೆಂದು ಜೋಳವನ್ನೇ ಅಳೆದು ಕೊಡುತ್ತಿದ್ದರಂತೆ. ಈಗ ಕೂಲಿ ರೊಕ್ಕದಲ್ಲಿ. ಪ್ಯಾಟೆಯಲ್ಲಿ ಜೋಳ ತುಟ್ಟಿ, ರೇಷನ್ ಅಕ್ಕಿ ಸೋವಿ. ಅದರ ದುಃಖ ಆಕೆಗಿರಲಿಲ್ಲ, ಹೆಮ್ಮೆಯಿತ್ತು. "ನಮ್ಮವ್ವ ಅನ್ನದ ಮಾರಿ ನೋಡಿದ್ದು ಹಬ್ಬಕ್ಕಷ್ಟ. ನನ್ನ ಮೊಮ್ಮಗಳು ದಿನಾ ಉಣ್ತಾಳ್ರಿ, ಸಾವ್ಕಾರ್ ಮನ್ಯಾಗಿನಂಗ."

ತರಕಾರಿಯ ಕೈಗಾಡಿ ದಿನಾ ಬೆಳಿಗ್ಗೆ ನಮ್ಮ ಓಣಿಗೆ ಬರುತ್ತಿತ್ತು. ಮೆಂತ್ಯ, ಪುಂಡಿ, ರಾಜಗಿರಿ, ಮೇಲೊಂದು ಒದ್ದೆ ಗೋಣಿ. ಮೂಲೆಯ ಬೇವಿನ ಮರದ ಹತ್ತಿರ ಗಾಡಿ ಹಿಂದಕ್ಕೆ ತಿರುಗುತ್ತಿತ್ತು. ಅದರಾಚೆ ರೊಟ್ಟಿಯವ್ವನ ಓಣಿ. ಅಲ್ಲಿದ್ದುದು ಒಂದೇ ಡಬ್ಬಿ ಅಂಗಡಿ: ಚಹಾಪುಡಿ, ಸಕ್ಕರೆ, ಪಾಕೀಟಿನ ಎಣ್ಣೆ, ಮೈದಾದ ಗರಿಗರಿ ಖಾರಿ, ಬಿಸ್ಕೀಟು.

"ಇಲ್ಲೇ ಒಂದು ಸೂಡು ಪಲ್ಯಾ ಒಯ್ಯಬಾರದೇನು?" ಎಂದು ಒಮ್ಮೆ ಕೇಳಿದೆ.

"ಒಯ್ದ್ರ ಸೋಸಾಕ ಹೊತ್ತು ಬೇಕ್ರಿ, ಅದರ ಜೋಡಿ ರೊಟ್ಟಿ ಬೇಕು. ಇಷ್ಟ್ ಮನಿ ಬಡದ ಕೈ ನಮ್ಮನಿಗಿ ಹೋದಮ್ಯಾಲ ಏಳೂದಿಲ್ಲ. ಅಕ್ಕಿ ಆದ್ರ ತಾನ ಕುದೀತೈತಿ."

ಅತ್ತೆಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಅನ್ನ ಬಿಡಿಸಿ ಜೋಳದ ರೊಟ್ಟಿ, ತಪ್ಪಲ ಪಲ್ಯ ಹಿಡಿಸಿದರು. ಮರುವರ್ಷ ರೊಟ್ಟಿಯವ್ವ ಸುಸ್ತು, ನೀರಡಿಕೆ ಎಂದಾಗ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅದೇ ಬೇನೆ, ಅದೇ ಗುಳಿಗೆ, ಅದೇ ಮಾತು.

"ನಿನಗೂ ನನಗೂ ಒಂದ ಬ್ಯಾನಿ. ಇನ್ನ ಬೀಗತ್ಯಾರಾದ್ವಿ ನೋಡು," ಎಂದರು ಅತ್ತೆ.

ಆಕೆ ಸೆರಗು ಬಾಯಿಗೆ ಹಿಡಿದು ನಕ್ಕಳು. "ಮುಂಜಾನಿಂದ ರೊಟ್ಟಿ ಬಡಿಯಾಕಿಗಿ ರೊಟ್ಟಿ ತಿನ್ನು ಅಂದ್ರಲ್ರಿ ಡಾಕ್ಟರು."

ಅಂದಿನಿಂದ ಆಕೆ ಹೊರಡುವಾಗ ಒಂದಿಷ್ಟು ರೊಟ್ಟಿ, ಪಲ್ಯ ಕಟ್ಟಿಕೊಡುತ್ತಿದ್ದೆ. ಆದರೂ ಸಕ್ಕರೆ ಇಳಿಯಲಿಲ್ಲ. ಗಂಟು ಬಿಚ್ಚಿದೊಡನೆ ಅದು ಗಂಡ, ಮಗ, ಸೊಸೆ, ಮೊಮ್ಮಗಳ ತಾಟುಗಳಿಗೆ ಹಂಚಿಹೋಗುತ್ತಿತ್ತೆಂದು ಆಮೇಲೆ ತಿಳಿಯಿತು. ಕೇಳಿದರೆ, "ಎಲ್ಲಾರೂ ಅನ್ನ ಉಣ್ಣಾಕತ್ತಾಗ ನಾ ಒಬ್ಬಾಕಿ ರೊಟ್ಟಿ ಮುರಕೊಂಡು ಹೆಂಗ ಕುಂಡ್ರಲ್ರಿ ಅಕ್ಕಾರ?" ಎಂದಳು. ಇಲ್ಲಿಯೇ ಉಂಡು ಹೋಗು ಎಂದೆ. ಮುಂದಿನ ಮನೆಯವರು ಕಾಯುತ್ತಿದ್ದರು. ಅವರಿಗೂ ಬಿಸಿ ರೊಟ್ಟಿಯೇ ಬೇಕು. ಚಹಾದಲ್ಲಿ ಖಾರಿ ಅದ್ದಿ ತಿಂದು ಎದ್ದುಬಿಡುತ್ತಿದ್ದಳು.

ಒಂದು ಬೆಳಿಗ್ಗೆ ಅಡುಗೆಮನೆಯಿಂದ ಏನೋ ಸೀದ ವಾಸನೆ. ಬಂದು ನೋಡಿದರೆ ಹಂಚಿನ ಮೇಲಿನ ರೊಟ್ಟಿ ಚೆಂದವಾಗಿಯೇ ಉಬ್ಬಿತ್ತು. ಒಲೆಯಿಂದ ಸಿಡಿದ ಕೆಂಡವೊಂದು ಆಕೆಯ ಕಾಲಿನ ಹೆಬ್ಬೆರಳಿಗೆ ಅಂಟಿ ಕೂತಿತ್ತು. ಆಕೆ ಬಡಿಯುತ್ತಲೇ ಇದ್ದಳು. ನಾನು ಕೂಗಿದ ಮೇಲೆ ಕೆಳಗೆ ನೋಡಿ, "ಗೊತ್ತ ಆಗಲಿಲ್ಲಲ್ಲ," ಎಂದಳು, ಬೇರೆ ಯಾರದೋ ಕಾಲನ್ನು ನೋಡಿದಂತೆ.

ಗಾಯ ಮಾಯಲಿಲ್ಲ. ವಿಜಾಪುರದ ಆಸ್ಪತ್ರೆಯಲ್ಲಿ ಮೊದಲು ಬೆರಳು, ಆಮೇಲೆ ಪಾದ ತೆಗೆದರು. ನೋಡಲು ಹೋದಾಗ ಆಕೆ ಮೊದಲು ಕೇಳಿದ್ದು, "ಅತ್ತ್ಯಾರಿಗಿ ರೊಟ್ಟಿ ಯಾರು ಮಾಡಾಕತ್ತಾರ್ರಿ?" ನಾನೇ ಎಂದೆ. "ದಪ್ಪ ಆಗ್ತಿರಬೇಕು," ಎಂದು ಕಣ್ಣು ಮುಚ್ಚಿದಳು. ಮಂಚದ ಪಕ್ಕದ ಡಬ್ಬಿಯಲ್ಲಿ ಆರಿದ ಅನ್ನವಿತ್ತು.

ಸುಗ್ಗಿಗೆ ಮೊದಲೇ ಆಕೆ ಹೋದಳು. ಅತ್ತೆಗಿಂತ ಎಷ್ಟೋ ಚಿಕ್ಕವಳು. ಅತ್ತೆ ಇನ್ನೂ ಅಂಗಳದಲ್ಲಿ ನಡೆದಾಡುತ್ತಿದ್ದರೆ ಅದು ಆಕೆಯ ಅಂಗೈಯ ಋಣ. ಅದನ್ನು ತೀರಿಸುವ ದಾರಿ ನನಗೆ ಗೊತ್ತಿಲ್ಲ.

ಕೆಲವು ವಾರಗಳ ಮೇಲೆ ಆಕೆಯ ಸೊಸೆ ಕೆಲಸ ಕೇಳಿಕೊಂಡು ಬಂದಳು. ಬಳೆಗಳನ್ನು ಮೇಲಕ್ಕೆ ಸರಿಸಿ, ಅದೇ ಕೆಂಪು ರಬ್ಬರ್ ಬ್ಯಾಂಡು ಹಾಕಿಕೊಂಡು ಒಲೆಯ ಮುಂದೆ ಕೂತಳು. ಕೈ ಪಳಗಿತ್ತು, ರೊಟ್ಟಿ ತೆಳ್ಳಗೆ ಬಂದವು.

"ಮನ್ಯಾಗ ಏನು ಮಾಡಿಟ್ಟು ಬಂದ್ಯವ್ವಾ?" ಎಂದು ಅತ್ತೆ ಕೇಳಿದರು.

"ಅನ್ನ ಇಟ್ಟ ಬಂದೇನ್ರಿ."

ಬಿಸಿ ರೊಟ್ಟಿ ಅತ್ತೆಯ ತಾಟಿಗೆ ಬಂತು.