ಇಂದ್ರಾಬಾಯಿ ಅಳಿಸದೆ ಬಿಟ್ಟ ಮೂಲೆ

ಇಂದ್ರಾಬಾಯಿಗೆ ಸಿಟ್ಟು ಹುಟ್ಟಿನಿಂದ ಬಂದದ್ದು. ಸ್ಟಾಪಿನಲ್ಲಿ ನಿಲ್ಲಿಸದೆ ಹೋದ ಬಸ್ಸಿನ ಡ್ರೈವರನನ್ನು ಮರುದಿನ ಹುಡುಕಿ ಹಿಡಿದು ಬೈದ ಹೆಣ್ಣು ಅವಳು. ಗಂಡ ಹುಬ್ಬಳ್ಳಿಗೆಂದು ಹೋದವನು ತಿರುಗಿ ಬರಲಿಲ್ಲ. ಅಳುತ್ತ ಕೂಡಲಿಲ್ಲ ಅವಳು. ಮಗಳು ದಾನಮ್ಮನನ್ನು ಕಟ್ಟಿಕೊಂಡು ಹುನಗುಂದದಲ್ಲಿ ಮನೆ ಹಿಡಿದಳು, ದಿನಾ ಬಸ್ಸಿಗೆ ಇಳಕಲ್ಲಿಗೆ ಹೋಗಿ ರಾಚಯ್ಯ ಇಂಜಿನಿಯರರ ಆಫೀಸಿನಲ್ಲಿ ದುಡಿದಳು.

ರಾಚಯ್ಯ ಪೆನ್ಸಿಲಿನಲ್ಲಿ ಕಟ್ಟಡದ ನಕಾಶೆ ಬರೆದುಕೊಟ್ಟರೆ, ಅದರ ಮೇಲೆ ತೆಳು ಹಾಳೆ ಹಾಸಿ ಕಪ್ಪು ಶಾಯಿಯಲ್ಲಿ ಎಳೆಯುವುದು ಅವಳ ಕೆಲಸ. ಕಲಿತದ್ದು ಏಳನೇ ಇಯತ್ತೆ. ಆದರೆ ಚಿಕ್ಕಂದಿನಿಂದ ಕಸೂತಿ ಹಾಕಿದ ಕೈ, ಗೆರೆ ನಡುಗುತ್ತಿರಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ಹುನಗುಂದದ ಹೊರಗೆ ಹೆಣ್ಣುಮಕ್ಕಳ ಹೈಸ್ಕೂಲಿಗೆ ಹೊಸ ಕಟ್ಟಡವೆಂದು ಆಯಿತು. ರಾಚಯ್ಯ ಮನಸ್ಸಿಟ್ಟು ಬರೆದಿದ್ದರು. ಕಾಂಕ್ರೀಟಿನ ಛತ್ತು, ಗಾಳಿ ಹಾಯಲು ಎದುರುಬದುರು ಕಿಟಕಿ, ಪಡುವಣ ಬಿಸಿಲು ತಡೆಯಲು ಸಿಮೆಂಟಿನ ಜಾಲರಿ. ಹಿಂದಿನ ಮೂಲೆಯಲ್ಲಿ ಆರು ಬಾಗಿಲಿನ ಪಾಯಖಾನೆ, ಪಕ್ಕದಲ್ಲೇ ನೀರಿನ ತೊಟ್ಟಿ.

ದಾನಮ್ಮ ಅದೇ ಶಾಲೆಯಲ್ಲಿ ಎಂಟನೇ ಇಯತ್ತೆ. ಶಾಲೆ ಆಗ ಬಾಡಿಗೆಯ ಹಳೆ ವಾಡೆಯಲ್ಲಿ ನಡೆಯುತ್ತಿತ್ತು. ಪಾಯಖಾನೆ ಎಂದರೆ ಹಿಂದಿನ ಜಾಲಿಕಂಟಿ, ಅಲ್ಲಿ ಬೀಡಿ ಸೇದುತ್ತ ಕುಳಿತ ಗಂಡಸರು. ಹುಡುಗಿ ಮುಂಜಾನೆಯಿಂದ ಗುಟುಕು ನೀರು ಕುಡಿಯದೆ ಹೋಗಿ, ಸಂಜೆಗೆ ತುಟಿ ಒಡೆದುಕೊಂಡು ಬರುತ್ತಿದ್ದಳು. ಉರಿಮೂತ್ರವಾಗಿ ದವಾಖಾನೆಯನ್ನೂ ಕಂಡಳು. ಅವಳ ಬೆಂಚಿನ ಇಬ್ಬರು ಹುಡುಗಿಯರು ದೊಡ್ಡವರಾದ ಮೇಲೆ ಶಾಲೆಯ ಕಡೆ ತಲೆ ಹಾಕಿರಲಿಲ್ಲ.

"ಯವ್ವಾ, ನಾನೂ ಸಾಲಿ ಬಿಡ್ತೇನಿ."

"ಒಂದೆರಡು ವರ್ಷ ತಡಿ. ಹೊಸಾದು ಕಟ್ಟತಾರ. ನನ್ನ ಕೈಲೆ ಬರದೇನಿ, ಆರು ಬಾಗಲಾ ಅದಾವ."

ಆ ಮಾತು ಕೊಟ್ಟು ತಿಂಗಳಾಗಿರಲಿಲ್ಲ, ಶಾಲೆ ನಡೆಸುವ ಸಂಸ್ಥೆಯ ಚೇರ್ಮನ್ ಕಾಶಪ್ಪ ಆಫೀಸಿಗೆ ಬಂದ. ನಕಾಶೆ ನೋಡಿ ಮೂಗು ಮುರಿದ.

"ಏನ್ರಿ ಇದು, ಗೋದಾಮ ಇದ್ದಂಗ ಐತಿ. ಮುಂದ ಒಂದು ಕಮಾನು ಬೇಕ್ರಿ. ಬಸ್ಸಿನಾಗ ಹೋಗೋರು ಹೊರಳಿ ನೋಡಬೇಕು."

"ಅಷ್ಟು ರೊಕ್ಕ ಎಲ್ಲೈತ್ರಿ?" ಎಂದರು ರಾಚಯ್ಯ.

"ಈ ಹಿಂದಿನ ಮೂಲಿ ತಗದುಬಿಡ್ರಿ."

"ಹುಡುಗ್ಯಾರು ಏನು ಮಾಡಬೇಕ್ರಿ?"

"ಇಷ್ಟು ದಿನಾ ಏನು ಮಾಡ್ಯಾರ? ನೋಡ್ರಿ, ಒಂದೊಂದು ಖೋಲಿಗೆ ಒಬ್ಬೊಬ್ಬ ದಾನಿ ಹಿಡದೇನಿ. ಬಾಗಲಾ ಮ್ಯಾಲ ಅವರ ಅಪ್ಪನ ಹೆಸರಿನ ಕಲ್ಲು. ಪಾಯಖಾನಿಗೆ ಯಾರ ಅಪ್ಪನ ಹೆಸರು ಹಾಕೂಣು? ನಿಮ್ಮಪ್ಪಂದು ಹಾಕೂಣೇನು?"

ರಾಚಯ್ಯ ನಕ್ಕರು. ಆಮೇಲೆ ತಲೆ ತಗ್ಗಿಸಿ, "ಇಂದ್ರಾಬಾಯಿ, ಆ ಮೂಲಿ ಅಷ್ಟು ಕೆರದುಬಿಡು" ಎಂದರು.

ಶಾಯಿ ರಬ್ಬರಿಗೆ ಹೋಗುವುದಿಲ್ಲ, ಬ್ಲೇಡಿನಿಂದ ಮೆಲ್ಲಗೆ ಕೆರೆಯಬೇಕು. ಇಂದ್ರಾಬಾಯಿ ಬ್ಲೇಡು ಕೈಗೆತ್ತಿಕೊಂಡಳು. ಮೊದಲನೆಯ ಬಾಗಿಲಿನ ಮೇಲೆ ಇಟ್ಟಳು. ಮಗಳ ಒಡೆದ ತುಟಿ ಕಣ್ಣಿಗೆ ಕಟ್ಟಿತು. ಬ್ಲೇಡನ್ನು ಮೇಜಿನ ಮೇಲೆ ಕುಕ್ಕಿ ಎದ್ದು ನಿಂತಳು.

"ನಾ ಕೆರ್ಯಾಂಗಿಲ್ರಿ."

"ಏನಂದಿ?" ಎಂದರು ರಾಚಯ್ಯ.

ಅವಳು ಹೊರಳಿದ್ದು ಕಾಶಪ್ಪನ ಕಡೆಗೆ. "ಚೇರ್ಮನ್ರ, ನಿಮ್ಮ ಮೊಮ್ಮಗಳು ಧಾರವಾಡದಾಗ ಕಲ್ಯಾಕ ಹತ್ಯಾಳಲ್ಲ, ಅಕಿ ಎಲ್ಲಿ ಹೋಗ್ತಾಳ್ರಿ? ಕಮಾನಿನ ಕೆಳಗ ಕುಂಡ್ರತಾಳೇನು?"

"ಏ, ನಾಲಿಗಿ ಬಿಗಿ ಹಿಡಿ!"

"ಹೆಸರು ಬೇಕಲ್ರಿ ನಿಮಗ? ನನ್ನ ಹೆಸರು ಹಾಕ್ರಿ."

"ಹೆಸರು ಹಾಕ್ಸೂದಂದ್ರ ಕಟ್ಟಸಬೇಕಬೇ. ಬರೇ ಬಾಯಿಲೆ ಆಗೂದಿಲ್ಲ."

"ಕಟ್ಟಸ್ತೇನಿ."

"ಕಟ್ಟಸು. ಬ್ಯಾಡ ಅಂದವರ್ಯಾರು!" ಕಾಶಪ್ಪ ಹೊಟ್ಟೆ ಕುಣಿಸಿ ನಕ್ಕ.

ಆ ನಗು ಕಿವಿಯಲ್ಲಿ ಕಾದ ಎಣ್ಣೆಯಂತೆ ಸುಡುತ್ತಿತ್ತು. ಇಂದ್ರಾಬಾಯಿ ನೆಟ್ಟಗೆ ಅದೇ ಊರಿನ ಖಾದರಬಾಷಾನ ಕಲ್ಲಿನ ಪಾಲಿಶ್ ಶೆಡ್ಡಿಗೆ ನಡೆದಳು. ಅಂಚು ಮುಕ್ಕಾದ, ಪರದೇಶಕ್ಕೆ ಕಳಿಸಲು ಬಾರದ ಕೆಂಪು ಕಲ್ಲಿನ ಹಲಗೆಗಳು ಅಲ್ಲಿ ಗುಡ್ಡೆ ಬಿದ್ದಿದ್ದವು.

"ಇವನ್ನ ಏನು ಮಾಡ್ತಿ ಬಾಷಾ?"

"ಏನು ಮಾಡ್ಲಿ ಅಕ್ಕಾ, ಹಳ್ಳಕ್ಕ ಚೆಲ್ಲತೇವಿ."

"ಹಳ್ಳದ ಬದಲಿ ನನಗ ಚೆಲ್ಲು."

ಗೋಡೆಯ ಕಲ್ಲು ಹೀಗೆ ಬಂತು. ಹೊಸ ಕಟ್ಟಡದ ಹಿಂದಿನ ಮೂಲೆಯಲ್ಲಿ ಹುಡುಗಿಯರ ತಾಯಂದಿರು ಬುಟ್ಟಿ ಹೊತ್ತರು. ಒಂದು ಭಾನುವಾರ ರಾಚಯ್ಯ ಕರೆಯದೆ ಬಂದು, ದಾರ ಹಿಡಿದು ಗುಂಡಿಯ ಗುರುತು ಹಾಕಿ, ಇಳಿಜಾರು ನೋಡಿ ಹೋದರು. ಇಂದ್ರಾಬಾಯಿ ಅವರಿಗೆ ಚಹಾ ಕೊಟ್ಟಳು, ಮಾತಾಡಿಸಲಿಲ್ಲ.

ಹೆಸರಿನ ಕಲ್ಲು ಕೆತ್ತುವಾಗ ಖಾದರಬಾಷಾನ ಕೈ ನಿಂತಿತು. "ಅಕ್ಕಾ, ಹೆಣ್ಣಮಗಳ ಹೆಸರು ಪಾಯಖಾನಿ ಮ್ಯಾಲ... ಮಂದಿ ನಗ್ತಾರ."

"ಗಂಡ ಓಡಿಹೋದಾಗ ನಕ್ಕಾರ, ನೌಕರಿಗೆ ಹೋದಾಗ ನಕ್ಕಾರ. ಇನ್ನ ನಗೂದು ಉಳದೈತೇನು? ಕೆತ್ತು. ಅಕ್ಷರ ದಪ್ಪಗಿರ್ಲಿ."

ದಾನಮ್ಮ ಹತ್ತನೇ ಇಯತ್ತೆಗೆ ಬಂದಾಗ ಶಾಲೆ ಹೊಸ ಕಟ್ಟಡಕ್ಕೆ ಹೋಯಿತು. ಕಮಾನಿನ ಕೆಳಗೆ ಹಾರ, ಭಾಷಣ, ಪೇಢೆ ಎಲ್ಲ ಆದವು. ಆದರೆ ವಾರ ಕಳೆದರೂ ಹುಡುಗಿ ಒಣ ತುಟಿಯಲ್ಲೇ ಮನೆಗೆ ಬಂದಳು.

"ಪಾಯಖಾನಿಗೆ ಕೀಲಿ ಹಾಕ್ಯಾರ ಯವ್ವಾ. ಹೊಲಸಾಗ್ತೈತಂತ. ತಪಾಸಣಿಗೆ ಸಾಹೇಬ್ರು ಬಂದಾಗ ಅಷ್ಟ ತಗೀತಾರಂತ."

ಮರುದಿನ ನಡುಮಧ್ಯಾಹ್ನ, ಶಾಲೆ ತುಂಬಿರುವಾಗ, ಇಂದ್ರಾಬಾಯಿ ಖಾದರಬಾಷಾನ ಸುತ್ತಿಗೆ ಹಿಡಿದು ಬಂದಳು. ಕಮಾನಿನ ಕೆಳಗೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ ಕಾಶಪ್ಪ, "ಏ, ಎಲ್ಲಿಗೆ?" ಎನ್ನುವಷ್ಟರಲ್ಲಿ ಅವನನ್ನು ದಾಟಿ ಹೋಗಿದ್ದಳು. ಕಿಟಕಿಗಳ ತುಂಬ ಹುಡುಗಿಯರ ಮುಖ. ಅವಳು ಹೊಡೆದ ಹೊಡೆತಕ್ಕೆ ಮೊದಲನೆಯ ಕೀಲಿ ಚಿಲಕದ ಸಮೇತ ಕಿತ್ತು ಬಂತು.

ಕಾಶಪ್ಪ ಏದುಸಿರು ಬಿಡುತ್ತ ಓಡಿಬಂದ. "ಸಂಸ್ಥಾದ ಆಸ್ತಿ ಒಡಿತಿಯೇನಬೇ? ಪೊಲೀಸರನ್ನ ಕರಸ್ತೇನಿ!"

ಇಂದ್ರಾಬಾಯಿ ಸುತ್ತಿಗೆಯಿಂದ ಮೇಲಿನ ಕಲ್ಲು ತೋರಿಸಿದಳು. "ಕರಸ್ರಿ. ಅವರು ಬರೂತನಕ ಹೆಸರು ಓದ್ರಿ. ಯಾರದೈತಿ?"

ಉಳಿದ ಐದು ಬಾಗಿಲುಗಳ ಕೀಲಿಗಳನ್ನೂ ಅವಳು ಒಂದೊಂದಾಗಿ ಒಡೆದಳು. ಕೊನೆಯದು ಬೀಳುವ ಮೊದಲೇ ದಾನಮ್ಮ ಕ್ಲಾಸು ಬಿಟ್ಟು ಓಡಿಬಂದು ಮೊದಲನೆಯ ಬಾಗಿಲು ಹೊಕ್ಕಿದ್ದಳು. ಅವಳ ಹಿಂದೆ ಸಾಲು ನಿಂತಿತು.

ಆಮೇಲೆ ಆ ಶಾಲೆಯಲ್ಲಿ ಪಾಯಖಾನೆ ಎಂಬ ಮಾತೇ ಹೋಯಿತು. ಹುಡುಗಿಯರು ಎದ್ದು ನಿಂತು, "ಸರ್, ಇಂದ್ರಾಬಾಯಿಗೆ ಹೋಗಿ ಬರ್ತೇನ್ರಿ" ಎನ್ನುತ್ತಿದ್ದರು.

ದಾನಮ್ಮ ಮೆಟ್ರಿಕ್ ಮುಗಿಸಿದಳು. ತಾಯಿಯ ಸಿಟ್ಟು ಮಾತ್ರ ಇಳಿಯಲಿಲ್ಲ. ರಾಚಯ್ಯರ ಆಫೀಸಿನಲ್ಲಿ ಮುಂದೆ ಎಷ್ಟೋ ಶಾಲೆ, ಕಾಲೇಜುಗಳ ನಕಾಶೆ ಎಳೆದಳು. ಪ್ರತಿ ಸಲವೂ ಶಾಯಿ ಮೊದಲು ಬೀಳುತ್ತಿದ್ದದ್ದು ಹಿಂದಿನ ಮೂಲೆಗೆ.

"ಮುಂಬಾಗಲಾ ಮೊದಲ ಎಳಿಯವ್ವಾ," ಎನ್ನುತ್ತಿದ್ದರು ರಾಚಯ್ಯ.

"ಮುಂಬಾಗಲಾ ಯಾರೂ ಕಸಗೊಳ್ಳೂದಿಲ್ಲ ಬಿಡ್ರಿ," ಎನ್ನುತ್ತಿದ್ದಳು, ತಲೆ ಎತ್ತದೆ.